ಅಪ್‌ಡೇಟ್: ಡೇಟಾಬೇಸ್ ಸಂಪರ್ಕ ನಿಲ್ ಆಗುತ್ತಿದ್ದುದಕ್ಕೆ ಕಾರಣ ಶ್ಯಾಡೋಯಿಂಗ್

ಗೋ ಭಾಷೆಯ ನನ್ನ ಪ್ರೋಗ್ರಾಮಿನಲ್ಲಿ ಡೇಟಾಬೇಸ್ ಸಂಪರ್ಕ ಯಶಸ್ವಿಯಾಗಿ ತೆರೆದರೂ ಮುಂದಿನ ಫಂಕ್ಷನ್‌ಗೆ ಅದು ನಿಲ್ (nil, ಅಂದರೆ ಖಾಲಿ) ಆಗಿಯೇ ಸಿಗುವುದೇಕೆ ಎಂದು ಕಳೆದ ವಾರ ಕೇಳಿದ್ದೆ. ಕಾರಣ ಸಿಕ್ಕಿದೆ: ಶ್ಯಾಡೋಯಿಂಗ್, ಅಂದರೆ ಒಳಗಿನ ವೇರಿಯಬಲ್ ಅದೇ ಹೆಸರಿನ ಹೊರಗಿನದನ್ನು ಮರೆಮಾಡುವುದು. ಪ್ಯಾಕೇಜ್ ಮಟ್ಟದಲ್ಲಿ (ಎಲ್ಲ ಫಂಕ್ಷನ್‌ಗಳ ಹೊರಗೆ) ‘ಡಿಬಿ’ ಎಂಬ ವೇರಿಯಬಲ್ ಘೋಷಿಸಿದ್ದ ನಾನು, ಮೇನ್ ಫಂಕ್ಷನ್ನಿನೊಳಗೆ ‘ಡಿಬಿ, ಎರರ್’ ಎರಡಕ್ಕೂ ಒಟ್ಟಿಗೆ ‘:=’ ಬಳಸಿ ಮೌಲ್ಯ ಕೊಟ್ಟಿದ್ದೆ; ಆ ಚಿಹ್ನೆ ಹೊರಗಿನ ಡಿಬಿಯನ್ನು ಮುಟ್ಟದೆ, ಅದೇ ಹೆಸರಿನ ಹೊಸ ಸ್ಥಳೀಯ ವೇರಿಯಬಲನ್ನು ಸೃಷ್ಟಿಸಿತ್ತು. ಒಳಗಿನದನ್ನು ಪಿಂಗ್ ಮಾಡಲು (ಸಂಪರ್ಕ ಸರಿಯಿದೆಯೇ ಎಂದು ನೋಡಲು) ಬಳಸಿದ್ದರಿಂದ, ಬಳಸದ ಸ್ಥಳೀಯ ವೇರಿಯಬಲ್ ಕಂಡರೆ ತಕರಾರು ತೆಗೆಯುವ ಕಂಪೈಲರ್ ಕೂಡ ಸುಮ್ಮನಿತ್ತು. ನನ್ನನ್ನು ಎರಡು ದಿನ ದಾರಿ ತಪ್ಪಿಸಿದ್ದು ಇದೇ. ಎರರ್ ವೇರಿಯಬಲನ್ನು ‘ವಾರ್’ ಬಳಸಿ ಮೊದಲೇ ಘೋಷಿಸಿ, ‘:=’ ಬದಲು ‘=’ ಹಾಕಿದ ಮೇಲೆ ಸರಿಹೋಯಿತು. ಗೋ ಜೊತೆಗೇ ಬರುವ, ಕೋಡ್‌ನ ತಪ್ಪು ಹುಡುಕುವ ಸಾಧನ ‘ಗೋ ವೆಟ್’ ತಾನಾಗಿ ಶ್ಯಾಡೋಯಿಂಗ್ ಪರಿಶೀಲಿಸುವುದಿಲ್ಲವಾದ್ದರಿಂದ, ಪ್ರತ್ಯೇಕವಾಗಿ ಸಿಗುವ ‘ಶ್ಯಾಡೋ’ ಅನಲೈಸರನ್ನೂ ಸ್ಥಾಪಿಸಿಕೊಂಡಿದ್ದೇನೆ.