ರಾಯರ ಪುಕ್ಕಟೆ ಪಂಚಾಂಗ

ಗಾಂಧಿ ಬಜಾರಿನ ಹೋಟೆಲಿನಲ್ಲಿ ಬೈಟು ಕಾಫಿ ಬರುವಷ್ಟರಲ್ಲಿ ನಮ್ಮ ಬ್ಯಾಂಕ್ ರಾಯರು ಜೇಬಿನಿಂದ ಒಂದು ಮಡಚಿದ ಕಾಗದ ತೆಗೆದರು. ಮಾತ್ರೆ ಚೀಟಿ ಅಂದುಕೊಂಡೆ. ಅಲ್ಲ, ಕನ್ನಡದ ಯಾವ ಸಾಹಿತಿ ಯಾವ ವರ್ಷ ಪುಕ್ಕಟೆ ಆಗುತ್ತಾರೆ ಅನ್ನುವ ಪಟ್ಟಿ!

"ಲೇಖಕರು ತೀರಿಕೊಂಡ ವರ್ಷ ಕಳೆದು 60 ವರ್ಷ ಆದರೆ ಕಾಪಿರೈಟ್ ಮುಗೀತು. ಆಮೇಲೆ ಯಾರು ಬೇಕಾದರೂ ನೆಟ್ಟಿಗೆ ಹಾಕಬಹುದು, ನಾನು ಇಳಿಸಿಕೊಳ್ಳಬಹುದು. ಗೋವಿಂದ ಪೈಗಳು ಹೋದದ್ದು 1963. ಅವರು 2024ರ ಜನವರಿ 1ಕ್ಕೇ ಬಿಡುಗಡೆ. ಡಿವಿಜಿ 2036. ಬೇಂದ್ರೆ 2042. ಕುವೆಂಪು 2055."

"ಎಫ್‌ಡಿ ಮೆಚ್ಯೂರಿಟಿ ಥರ ಓದ್ತಿದ್ದೀರಲ್ಲ ರಾಯರೇ," ಎಂದರು ಶೆಟ್ರು. "2055ಕ್ಕೆ ನಿಮಗೆ ನೂರರ ಹತ್ತಿರ ಆಗಿರುತ್ತೆ."

"ಕನ್ನಡಕ ಬದಲಾಯಿಸಿಕೊಂಡರಾಯಿತು."

ಟೀಚರಮ್ಮ ಕಾಫಿ ಕೆಳಗಿಟ್ಟರು. ಪಾಪ, ಕನ್ನಡ ಪಾಠ ಮಾಡಿ ನಿವೃತ್ತರಾದವರು. "ಅಷ್ಟು ಸಲೀಸಲ್ಲ ರಾಯರೇ. ಸತ್ತ ಮೇಲೆ ಮೊದಲ ಸಲ ಅಚ್ಚಾದ ಪುಸ್ತಕಕ್ಕೆ ಅಚ್ಚಾದ ವರ್ಷದಿಂದ ಲೆಕ್ಕ. ಅನುವಾದ ಮಾಡಿದವರ ಹಕ್ಕೇ ಬೇರೆ. ಇನ್ನೊಂದು ಗೊತ್ತಾ? ಮೊದಲು 50 ವರ್ಷವೇ ಇದ್ದದ್ದು. ರವೀಂದ್ರನಾಥ ಠಾಕೂರರ ಹಕ್ಕು 1991ರ ಕೊನೆಗೆ ಮುಗೀಬೇಕಿತ್ತು. ಆ ಹೊತ್ತಿಗೆ ಸರಿಯಾಗಿ ಕಾನೂನು ತಿದ್ದಿ 60 ಮಾಡಿದರು."

ರಾಯರ ಮುಖ ಬಾಡಿತು. "ಅಂದ್ರೆ 2041ರಲ್ಲಿ ಮತ್ತೆ ಹತ್ತು ವರ್ಷ ಮುಂದಕ್ಕೆ ಹಾಕಿದರೆ?"

"ಬೇಂದ್ರೆಗೆ 2052ರವರೆಗೆ ಕಾಯಿರಿ," ಎಂದರು ಶೆಟ್ರು, ಸ್ವಲ್ಪವೂ ನಗದೆ.

ಎಲ್ಲರಿಗೂ ಕಾಯಬೇಕಾಗಿಲ್ಲ ಅಂತ ನಾನು ಸಮಾಧಾನ ಮಾಡಲು ಹೋದೆ. ನಿರಂಜನರ ಪುಸ್ತಕಗಳನ್ನು 2014ರಲ್ಲಿ ಅವರ ಮನೆಯವರೇ ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿದ್ದಾರೆ. ಪುಕ್ಕಟೆ ಪುಸ್ತಕಗಳ ಜಾಲತಾಣವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಸಿಗುತ್ತವೆ. ರಾಯರು ಚೀಟಿಯಲ್ಲಿ ಅದನ್ನು ಗೀಚಿಕೊಂಡರು, ಓದುವುದಕ್ಕಲ್ಲ, ಇಳಿಸುವುದಕ್ಕೆ. ಆ ವ್ಯತ್ಯಾಸ ನಮಗೆಲ್ಲ ಗೊತ್ತು. ಹಳೇ ಪುಸ್ತಕಗಳ ಸ್ಕ್ಯಾನ್ ಸಿಗುವ ಇಂಟರ್ನೆಟ್ ಆರ್ಕೈವ್ ಜಾಲತಾಣದಿಂದ ಅವರು 1894ರ ಕಿಟ್ಟೆಲ್ ನಿಘಂಟನ್ನು ಮೂರು ಸಲ ಇಳಿಸಿದ್ದಾರೆ. ಮೊದಲೆರಡು ಎಲ್ಲಿ ಸೇವ್ ಆದವೋ ಅವರಿಗೇ ಗೊತ್ತಿಲ್ಲ.

"ಪದದ ಅರ್ಥ ತಾನೇ ಬೇಕಾದದ್ದು?" ಎಂದರು ಟೀಚರಮ್ಮ. "ಅಲರ್ ಇದೆಯಲ್ಲ. ವಿ. ಕೃಷ್ಣ ಅವರು ದಶಕಗಟ್ಟಲೆ ಕೂತು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು. ಒಂದೂವರೆ ಲಕ್ಷ ಪದ. ಮೊಬೈಲಿನಲ್ಲೇ ನೋಡಬಹುದು, ದುಡ್ಡೂ ಇಲ್ಲ."

"ಪಿಡಿಎಫ್ ಇದೆಯಾ?"

ಟೀಚರಮ್ಮ ನನ್ನ ಕಡೆ ನೋಡಿದರು. ನಾನು ಚಟ್ನಿ ಕಡೆ ನೋಡಿದೆ.

ಶೆಟ್ರ ತಕರಾರೇ ಬೇರೆ. "ಆರ್ಕೈವ್‌ನಲ್ಲಿ ಹಳೇ ಸ್ಕ್ಯಾನ್‌ಗಳು ಬೇಕಾದಷ್ಟಿವೆ ಸ್ವಾಮಿ. ಆದರೆ ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಎಷ್ಟೋ ಪುಸ್ತಕ ತಲೆ ಎತ್ತೋದೇ ಇಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೀಬೇಕು, ಅದೂ ತಪ್ಪು ತಪ್ಪಾಗಿ. ಹೆಸರು ನಮೂದಿಸಿದವರು ಯಾವ ತಪ್ಪು ಮಾಡಿದ್ದಾರೋ ಅದೇ ತಪ್ಪು ನಾವೂ ಮಾಡಬೇಕು. ಕಷ್ಟಪಟ್ಟು ಸಿಕ್ಕಿದ ಒಂದು ನಾಟಕದಲ್ಲಿ ಕೊನೇ ಪುಟವೇ ಇಲ್ಲ. ನಾಯಕಿ ಬಾಗಿಲು ತೆಗೆದಳು, ಅಷ್ಟೇ. ಯಾರು ಬಂದಿದ್ದರೋ ಇವತ್ತಿಗೂ ಗೊತ್ತಿಲ್ಲ."

"ಹೊಸ ಸ್ಕ್ಯಾನ್‌ಗಳು ಅಚ್ಚುಕಟ್ಟಾಗಿವೆ," ಎಂದೆ. "ನಮ್ಮ ಊರಿನಲ್ಲೇ ಸರ್ವೆಂಟ್ಸ್ ಆಫ್ ನಾಲೆಡ್ಜ್ ಅಂತ ಕೆಲವರು ಹಳೇ ಕನ್ನಡ ಪುಸ್ತಕಗಳನ್ನು ಪುಟ ಪುಟವಾಗಿ ಸ್ಕ್ಯಾನ್ ಮಾಡಿ ಹಾಕುತ್ತಿದ್ದಾರೆ."

"ಇಲ್ಲಾ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡಕ್ಕೆ ಹೋಗಿ. ಸೆಂಟ್ರಲ್ ಲೈಬ್ರರಿ ಇರೋದು ಯಾತಕ್ಕೆ? ಮೆಟ್ರೋ ಬೇರೆ ಇದೆ," ಎಂದರು ಟೀಚರಮ್ಮ.

"ಮೆಟ್ರೋಗೆ ದುಡ್ಡು ಕೊಡಬೇಕಲ್ಲ," ಎಂದರು ರಾಯರು. ಇಷ್ಟೆಲ್ಲ ಹೇಳುವಾಗ ಅವರ ಮುಂದೆ ಎರಡನೇ ಮಸಾಲೆ ದೋಸೆ ಇತ್ತು. ಇಲ್ಲೇ ನಾಲ್ಕು ಹೆಜ್ಜೆ ನಡೆದರೆ ಪುಸ್ತಕದಂಗಡಿ. ಆ ದೋಸೆಗಳ ದುಡ್ಡಿಗೆ ಅಲ್ಲಿ ಒಂದು ಕವನ ಸಂಕಲನ ಬರುತ್ತಿತ್ತು. ಹೇಳಲಿಲ್ಲ. ದೋಸೆಗೆ ಕಾಪಿರೈಟ್ ಇಲ್ಲ ಅನ್ನುತ್ತಿದ್ದರು, ಮನುಷ್ಯ.

ಏಳುವಾಗ ಟೀಚರಮ್ಮ ಮೆಲ್ಲಗೆ ಕೇಳಿದರು. "ರಾಯರೇ, ನನ್ನ ಹತ್ತಿರ ಡಿವಿಜಿ ಪುಸ್ತಕ ಒಯ್ದಿದ್ದಿರಲ್ಲ, ಯಾವಾಗ ವಾಪಸ್ ಕೊಡ್ತೀರಿ?"

ರಾಯರು ಚೀಟಿ ಬಿಡಿಸಿ ನೋಡಿದರು.

"2036, ಜನವರಿ 1."