ನಮ್ಮೂರ ಕನ್ನಡ ಶಾಲೆ ಉಳಿಸೋಕೆ 25 ಲಕ್ಷ ಎತ್ತೋಣ ಅಂತಿದಾರೆ, ಕೈ ಹಾಕ್ಲಾ ಬೇಡ್ವಾ?

ತೋಟದಮನೆ91:
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ನಮ್ದು ತೀರ್ಥಹಳ್ಳಿ ಕಡೆ ಒಂದು ಹಳ್ಳಿ. ಊರವ್ರೇ ಸೇರಿ ಟ್ರಸ್ಟ್ ಮಾಡಿ 1997ರಲ್ಲಿ ಒಂದು ಕನ್ನಡ ಮಾಧ್ಯಮ ಶಾಲೆ ಶುರು ಮಾಡಿದ್ರು, ಮೊದಲನೇ ವರ್ಷದ ಒಂದನೇ ಕ್ಲಾಸಲ್ಲಿ ನಾನೂ ಇದ್ದೆ, ಎಸ್ಸೆಸ್ಸೆಲ್ಸಿ ತನಕ ಅಲ್ಲೇ ಓದಿದ್ದು. ಗೋಡೆಗೆ ಕಲ್ಲು ಹೊತ್ತವ್ರಲ್ಲಿ ನಮ್ಮಪ್ಪನೂ ಒಬ್ರು. 95ರ ನಂತರದ ಶಾಲೆ ಆಗಿದ್ರಿಂದ ಸರ್ಕಾರದ ಅನುದಾನ ಇವತ್ತಿಗೂ ಸಿಕ್ಕಿಲ್ಲ. ನಾವು ಓದುವಾಗ 300 ಹತ್ರ ಮಕ್ಕಳಿದ್ರು, ಈಗ ಹತ್ತೂ ಕ್ಲಾಸು ಸೇರಿ 74. ಪೇಟೆಯ ಇಂಗ್ಲಿಷ್ ಮೀಡಿಯಂ ಬಸ್ಸು ಮನೆ ಬಾಗಿಲಿಗೇ ಬರುತ್ತೆ, ಎಲೆಚುಕ್ಕಿ ರೋಗ ಬಂದು ಅಡಿಕೆ ತೋಟ ಹಾಳಾದ್ಮೇಲೆ ಎಷ್ಟೋ ಮನೆಯವ್ರು ಶಿವಮೊಗ್ಗ ಬೆಂಗ್ಳೂರು ಸೇರ್ಕೊಂಡ್ರು. 8 ಜನ ಟೀಚರ್ಸಿಗೆ ನಾಲ್ಕು ತಿಂಗಳಿಂದ ಸಂಬಳ ಆಗಿಲ್ಲ, ಆದ್ರೂ ದಿನಾ ಬಂದು ಪಾಠ ಮಾಡ್ತಿದಾರೆ, ನಂಗೆ ಲೆಕ್ಕ ಕಲಿಸಿದ ಮೇಷ್ಟ್ರೂ ಅವ್ರಲ್ಲಿ ಒಬ್ರು.

ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಲ್ಲಿ 25 ಲಕ್ಷ ಸಂಗ್ರಹ ಮಾಡೋಣ ಅಂತ ತೀರ್ಮಾನ ಆಗಿದೆ, ನಾನು ಬ್ಯಾಂಕಲ್ಲಿ ಇರೋದ್ರಿಂದ ನನ್ನನ್ನೇ ಖಜಾಂಚಿ ಆಗು ಅಂತಿದಾರೆ. ಮನಸ್ಸು ಹೂಂ ಅನ್ನುತ್ತೆ. ಆದ್ರೆ ಎಲ್ರ ಹತ್ರ ದುಡ್ಡು ಕೇಳಿ ಇಸ್ಕೊಂಡು ಎರಡು ವರ್ಷಕ್ಕೆ ಬಾಗಿಲು ಹಾಕಿದ್ರೆ ಊರಲ್ಲಿ ಮುಖ ಹೇಗೆ ತೋರಿಸ್ಲಿ? ಇಂಥದ್ದು ನೋಡಿದವ್ರು, ಮಾಡಿದವ್ರು ಹೇಳಿ.

ನಿವೃತ್ತ_ಮೇಷ್ಟ್ರು:
ನಾನು ಅನುದಾನಿತ ಹೈಸ್ಕೂಲಲ್ಲಿ 34 ವರ್ಷ ಕೆಲಸ ಮಾಡಿದವನು, ಅಲ್ಲೇ ಪರಿಸ್ಥಿತಿ ಕಷ್ಟ ಇದೆ, ಒಬ್ಬರು ರಿಟೈರ್ ಆದ್ರೆ ಆ ಜಾಗಕ್ಕೆ ಇನ್ನೊಬ್ಬರು ಬರೋದಕ್ಕೆ ವರ್ಷಗಟ್ಟಲೆ ಕಾಯ್ಬೇಕು. ನಿಮ್ಮದು ಅನುದಾನರಹಿತ, ಅಂದ್ರೆ ಬಿಸಿಯೂಟ ಇಲ್ಲ, ಹಾಲು ಇಲ್ಲ, ಪುಸ್ತಕ ಸಮವಸ್ತ್ರ ಎಲ್ಲ ದುಡ್ಡು ಕೊಟ್ಟೇ ತಗೋಬೇಕು. ಪಕ್ಕದ ಸರ್ಕಾರಿ ಶಾಲೇಲಿ ಇದೆಲ್ಲ ಉಚಿತ. ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ ಅಡಿ ಸೇರಿದ ಮಕ್ಕಳ ಶುಲ್ಕ ಸರ್ಕಾರದಿಂದ ಬರ್ತಿತ್ತಲ್ಲ, 2019ರಲ್ಲಿ ನಿಯಮ ಬದಲಾಗಿ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಖಾಸಗಿ ಶಾಲೆಗೆ ಆ ಸೀಟು ಇಲ್ಲ ಅಂತಾಯ್ತು, ಸಣ್ಣ ಶಾಲೆಗಳಿಗೆ ದೊಡ್ಡ ಪೆಟ್ಟು ಬಿದ್ದಿದ್ದು ಆಗ. ಇನ್ನು ಮಾಧ್ಯಮದ ವಿಷಯ, 2014ರಲ್ಲಿ ಸುಪ್ರೀಂ ಕೋರ್ಟು ಮಾತೃಭಾಷೆಯಲ್ಲೇ ಕಲಿಸಿ ಅಂತ ಬಲವಂತ ಮಾಡೋ ಹಾಗಿಲ್ಲ ಅಂದ್ಬಿಡ್ತು, 2019ರಲ್ಲಿ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆರೀತು.

74 ಅನ್ನೋ ಸಂಖ್ಯೆ ಬಿಡಿ. ಒಂದನೇ ಕ್ಲಾಸಲ್ಲಿ ಎಷ್ಟು, ಹತ್ತರಲ್ಲಿ ಎಷ್ಟು, ಅದನ್ನ ಮೊದಲು ಕೇಳಿ. ಕೆಳಗಿನಿಂದ ಮಕ್ಕಳು ಬರ್ತಿಲ್ಲ ಅಂದ್ರೆ ಎಷ್ಟು ಲಕ್ಷ ಸುರಿದ್ರೂ ನಿಲ್ಲಲ್ಲ.

ಲೆಕ್ಕದಪುಸ್ತಕ:
ಮೇಷ್ಟ್ರು ಹೇಳಿದ್ದು ಸರಿ. ತಿಂಗಳ ಖರ್ಚು ಎಷ್ಟು, ಫೀಸು ಎಷ್ಟು ಬರುತ್ತೆ, ಸಾಲ ಇದ್ಯಾ ಹಾಕಿ ನೋಡೋಣ.

ತೋಟದಮನೆ91:
ಸಂಬಳ ತಿಂಗಳಿಗೆ 80 ಸಾವಿರ. ಬಸ್ಸು, ಕರೆಂಟು, ರಿಪೇರಿ ಸೇರಿ ವರ್ಷಕ್ಕೆ 14 ಲಕ್ಷ ಹತ್ರ ಖರ್ಚು, ಫೀಸಿಂದ ಬರೋದು ಆರೂವರೆ ಏಳು. ಬಸ್ಸಿಗೆ ಸೊಸೈಟೀಲಿ ಮಾಡಿದ ಸಾಲ 6 ಲಕ್ಷ ಬಾಕಿ ಇದೆ.

ಲೆಕ್ಕದಪುಸ್ತಕ:
ಹಾಗಾದ್ರೆ ನೋಡಿ, ಬಾಕಿ ಸಂಬಳ 3 ಲಕ್ಷ 20 ಸಾವಿರ, ಸಾಲ 6 ಲಕ್ಷ, ಇವೆರಡು ತೀರಿಸಿದ್ರೆ ಉಳಿಯೋದು 16 ಲಕ್ಷಕ್ಕಿಂತ ಕಮ್ಮಿ. ವರ್ಷಕ್ಕೆ 7 ಲಕ್ಷ ಕೊರತೆ. ಎರಡು ವರ್ಷ ಚಿಲ್ಲರೆ, ಅಷ್ಟೇ. ನಿಮ್ಮ ಭಯ ಸುಳ್ಳಲ್ಲ.

ಖಜಾಂಚಿ ಆಗೋ ಮುಂಚೆ ಜಾಗ ಟ್ರಸ್ಟ್ ಹೆಸರಲ್ಲೇ ಇದ್ಯಾ ಅಥವಾ ಯಾರಾದ್ರೂ ಹಿರಿಯರ ಹೆಸರಲ್ಲೇ ಉಳಿದಿದ್ಯಾ ಪಹಣಿ ತೆಗೆಸಿ ನೋಡಿ, ಇದನ್ನ ಮಾತ್ರ ಬಿಡ್ಲೇಬೇಡಿ, ಕಟ್ಟಡ ರಿಪೇರಿ ಮಾಡಿಸಿದ್ಮೇಲೆ ಮೊಮ್ಮಕ್ಕಳು ಬಂದು ಜಾಗ ನಮ್ದು ಅಂದ್ರೆ ಏನ್ಮಾಡ್ತೀರ. ಟ್ರಸ್ಟಿಗೂ ದಾನಿಗಳಿಗೂ ಆದಾಯ ತೆರಿಗೆ ವಿನಾಯಿತಿ ಕೊಡಿಸೋ ನೋಂದಣಿ (12ಎ, 80ಜಿ ಅಂತಾರಲ್ಲ, ಅವು) ಇದ್ಯಾ ಕೇಳಿ. 2000 ರೂಪಾಯಿ ಮೀರಿದ ನಗದಿಗೆ ದಾನಿಗಳಿಗೆ ಆ ವಿನಾಯಿತಿ ಸಿಗಲ್ಲ, ಅದಕ್ಕೆ ಬ್ಯಾಂಕ್ ಮೂಲಕವೇ ತಗೊಳ್ಳಿ. ನಿಮ್ಮ ಸ್ವಂತ ಅಕೌಂಟಿಗಾಗ್ಲಿ ಯುಪಿಐಗಾಗ್ಲಿ ಒಂದು ರೂಪಾಯೀನೂ ಹಾಕಿಸ್ಕೋಬೇಡಿ. ಅಮೆರಿಕದಲ್ಲಿರೋ ಹಳೇ ವಿದ್ಯಾರ್ಥಿ ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಕೊಂಡಿದ್ರೆ ಅವರ ಉಳಿತಾಯದ ದುಡ್ಡು ವಿದೇಶಿ ದೇಣಿಗೆ ಅಲ್ಲ, ಅಲ್ಲಿನ ಪೌರತ್ವ ತಗೊಂಡಿದ್ರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಇಲ್ದೆ ಮುಟ್ಟೋ ಹಾಗಿಲ್ಲ. ಕಂಪನಿಗಳು ಸಮಾಜಕ್ಕೆ ಅಂತ ಕೊಡೋ ಸಿಎಸ್‌ಆರ್ ದುಡ್ಡು ಬೇಕಂದ್ರೆ ಟ್ರಸ್ಟ್ ಸಿಎಸ್‌ಆರ್-1 ಫಾರಂ ತುಂಬಿ ನೋಂದಣಿ ಆಗಿರ್ಬೇಕು, 2021ರಿಂದ ಅದು ಕಡ್ಡಾಯ.

ಕಡಲಕರೆ:
ಅಷ್ಟು ಹೆದರ್ಬೇಡಿ ಮಾರ್ರೆ. ನಮ್ಮ ಬಂಟ್ವಾಳ ತಾಲೂಕಿನ ದಡ್ಡಲಕಾಡು ಶಾಲೆ ಮುಚ್ಚುವ ಹಂತಕ್ಕೆ ಹೋಗಿತ್ತು, ಊರಿನ ದುರ್ಗಾ ಫ್ರೆಂಡ್ಸ್ ಕ್ಲಬ್ಬಿನ ಹುಡುಗರು ದತ್ತು ತಗೊಂಡು ಎಬ್ಬಿಸಿ ನಿಲ್ಲಿಸಿದ್ರು, ಮಕ್ಕಳು ವಾಪಸ್ ಬಂದ್ರು. ಅದು ಸರ್ಕಾರಿ ಶಾಲೆ, ಸರ್ಕಾರದ ಮೇಷ್ಟ್ರಿಗೆ ಸಂಬಳ ಸರ್ಕಾರದ್ದೇ, ಆ ವ್ಯತ್ಯಾಸ ಉಂಟು, ಒಪ್ತೇನೆ. ಆದ್ರೆ ಅವರು ದುಡ್ಡು ಎತ್ತಿ ಕೊಟ್ಟು ಮನೆಗೆ ಹೋಗ್ಲಿಲ್ಲ, ಶಾಲೆಯ ಜೊತೆಗೇ ನಿಂತ್ರು. ನಿಮ್ಮ ಗ್ರೂಪಲ್ಲಿ ಊರಲ್ಲೇ ಇರುವವರು ಎಷ್ಟು ಜನ ಇದ್ದಾರೆ? ಬೆಂಗಳೂರಲ್ಲಿ ಕೂತು ನಡೆಸ್ಲಿಕ್ಕೆ ಆಗುದಿಲ್ಲ.

ಇಬ್ಬರಮ್ಮ:
ನಮ್ದೂ ಅದೇ ತಾಲೂಕು. ನಾನು ಮಗನ್ನ ಇಂಥದ್ದೇ ಒಂದು ಶಾಲೆಗೆ ಹಾಕ್ದೆ ಪೇಟೆಗೆ ಹಾಕಿದವಳು, ಹಂಗಾಗಿ ಹೇಳ್ತೀನಿ. ಕನ್ನಡ ಬೇಡ ಅಂತಲ್ಲ. ಮೂರೂವರೆ ವರ್ಷದ ಮಗೂಗೆ ಅಲ್ಲಿ ಎಲ್‌ಕೆಜಿ ಇರ್ಲಿಲ್ಲ, ಪೇಟೆ ಶಾಲೇಲಿ ಇತ್ತು, ಒಂದ್ಸಲ ಹೋದ ಮಗು ಮತ್ತೆ ಯಾಕೆ ವಾಪಸ್ ಬರುತ್ತೆ. ಇಂಗ್ಲಿಷ್ ಒಂದು ಭಾಷೆಯಾಗಿ ಚೆನ್ನಾಗಿ ಕಲಿಸಿ ಅಂತ ಹೋಗಿ ಕೇಳಿದ್ವಿ, ಪಾಪ ಟೀಚರ್ ಇಲ್ಲ ಅಂದ್ರು. ಈಗ ಮಗ ಬೆಳಗ್ಗೆ 7ಕ್ಕೆ ಬಸ್ ಹತ್ತುತ್ತಾನೆ, ಸಂಜೆ ಬರುವಾಗ ನಿದ್ದೆ ಮಾಡ್ಕೊಂಡೇ ಇಳೀತಾನೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ. ಚಿಕ್ಕವಳಿಗೆ ಈಗ ಮೂರು ವರ್ಷ. ಹತ್ರದಲ್ಲೇ ಒಳ್ಳೇ ಎಲ್‌ಕೆಜಿ ಇದ್ರೆ ಖಂಡಿತ ಅಲ್ಲಿಗೇ ಹಾಕ್ತೀನಿ. ಆದ್ರೆ ಇಷ್ಟು ವರ್ಷ ಆಯ್ತು, ಯಾಕೆ ನಮ್ಮಲ್ಲಿಗೆ ಹಾಕ್ಲಿಲ್ಲ ಅಂತ ಒಬ್ರೂ ಮನೆಗೆ ಬಂದು ಕೇಳಿಲ್ಲ.

ತೋಟದಮನೆ91:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಹೆಡ್‌ಮಾಸ್ಟ್ರಿಗೆ ಫೋನ್ ಮಾಡಿದ್ದೆ, ಹತ್ತನೇ ಕ್ಲಾಸಲ್ಲಿ 16, ಒಂದರಲ್ಲಿ 3. ಕೇಳಿ ತುಂಬಾ ಹೊತ್ತು ಮಾತೇ ಬರ್ಲಿಲ್ಲ.

ಇವತ್ತು ಗ್ರೂಪಲ್ಲಿ ಹಾಕಿದೀನಿ, 25 ಲಕ್ಷದ ಪೋಸ್ಟರ್ ಸದ್ಯಕ್ಕೆ ತಡೀರಿ ಅಂತ. ಮೊದಲು ಟೀಚರ್ಸ್ ಬಾಕಿ ಸಂಬಳ ಮಾತ್ರ ಎತ್ತೋಣ, ಶಾಲೆ ಉಳೀಲಿ ಮುಚ್ಲಿ ಅದು ಅವರು ದುಡಿದ ದುಡ್ಡು, ಅದನ್ನ ಕೇಳೋಕೆ ನಂಗೆ ಯಾವ ಹಿಂಜರಿಕೆನೂ ಇಲ್ಲ, ಹೆಡ್‌ಮಾಸ್ಟ್ರ ಹತ್ರ ಮಾತಾಡಿದ್ದೇ ತಡ, ಟ್ರಸ್ಟ್ ಅಕೌಂಟಿಗೆ 40 ಸಾವಿರ ನಾನೇ ಹಾಕಿದೆ. ಕೆಲವ್ರು ಬೇಜಾರು ಮಾಡ್ಕೊಂಡ್ರು, ಒಬ್ಬ ಫ್ರೆಂಡ್ ಗ್ರೂಪೇ ಬಿಟ್ಟ. ಊರಲ್ಲೇ ಇರೋರು ನಾಲ್ಕು ಜನ ಬರ್ತೀವಿ ಅಂದಿದಾರೆ, ಶನಿವಾರ ರಾತ್ರಿ ಬಸ್ಸಿಗೆ ಹೋಗ್ತಿದೀನಿ, ಭಾನುವಾರದಿಂದ ಸುತ್ತಲ ಹಳ್ಳೀಲಿ ಆರು ವರ್ಷದೊಳಗಿನ ಮಕ್ಕಳಿರೋ ಮನೆಗೆಲ್ಲ ಹೋಗಿ ಕೇಳ್ತೀವಿ, ಅಂಗನವಾಡಿ ಟೀಚರ್ ಸಹಾಯ ಮಾಡ್ತೀನಿ ಅಂದಿದಾರೆ. ಎಲ್‌ಕೆಜಿ ಯುಕೆಜಿಗೆ 20 ಮಕ್ಕಳು ಸಿಕ್ರೆ ಆಗ ದೊಡ್ಡ ಮೊತ್ತದ ಮಾತು, ಸಿಗ್ಲಿಲ್ಲ ಅಂದ್ರೆ ಹತ್ತನೇ ಕ್ಲಾಸಿನ 16 ಮಕ್ಕಳ ಪರೀಕ್ಷೆ ಮುಗಿಯೋ ತನಕ ನಡೆಸೋಕೆ ಎಷ್ಟು ಬೇಕೋ ಅಷ್ಟು ಎತ್ತೋದು.

ಇಬ್ಬರಮ್ಮ ಅವ್ರೇ, ನಿಮ್ಮ ಮನೆಗೂ ಬರ್ಬಹುದಾ? ಊರಿನ ಹೆಸರು ಇಲ್ಲಿ ಬೇಡ, ಮೆಸೇಜ್ ಮಾಡಿ.

ಇಬ್ಬರಮ್ಮ:
ಮಾಡಿದೀನಿ ನೋಡಿ. ಮಧ್ಯಾಹ್ನದ ಮೇಲೆ ಬನ್ನಿ, ಪಕ್ಕದ ಮನೆಯವ್ರನ್ನೂ ಕರೀತೀನಿ, ಅವ್ರಿಗೂ ಒಂದು ಮಗು ಇದೆ.