ಭೂಮಿಯ ಪದರಗಳ ಮಾದರಿ ಅಳತೆಗೆ ಸರಿಯಾಗಿ ಮಾಡೋದು ಹೇಗೆ? ಮತ್ತೆ ಭೂಕವಚದ ಕೆಳಗಿನ ಮ್ಯಾಂಟಲ್ ಪದರ ದ್ರವವೋ ಘನವೋ?

ಗುಡಿಬಂಡೆ ಮೇಷ್ಟ್ರು

ವಿಜ್ಞಾನ ಪ್ರದರ್ಶನಕ್ಕೆ 9ನೇ ತರಗತಿ ಮಕ್ಕಳ ಕೈಲಿ ಭೂಮಿಯ ಒಳರಚನೆ ಮಾಡಿಸಬೇಕು. ಥರ್ಮೋಕೋಲ್ ಚೆಂಡು ಕತ್ತರಿಸಿ ಕೆಂಪು, ಕಿತ್ತಳೆ, ಹಳದಿ ಬಳಿಯುವ ಮಾಮೂಲಿ ಮಾದರಿ ಬೇಡ, ಅಳತೆ ಸರಿ ಇರಬೇಕು. ಶಾಲೆ ಮುಂದೆ 8 ಮೀಟರ್ ಉದ್ದ, 5 ಮೀಟರ್ ಅಗಲದ ಸಿಮೆಂಟ್ ಅಂಗಳ ಇದೆ. ಖರ್ಚು ಐನೂರು ರೂಪಾಯಿ ದಾಟಬಾರದು.

ಜೊತೆಗೆ ಮಕ್ಕಳು ಕೇಳುತ್ತಿರುವ ಪ್ರಶ್ನೆಗಳು: ಭೂಫಲಕಗಳು (ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡುಗಳು) ಕರಗಿದ ಕಲ್ಲಿನ ಸಮುದ್ರದ ಮೇಲೆ ತೇಲುತ್ತವೆ ಅನ್ನೋದು ನಿಜವಾ? ಒಂದೂವರೆ ಸಾವಿರ ಅಡಿ ಬೋರ್‌ವೆಲ್‌ನಲ್ಲಿ ನೀರು ಬೆಚ್ಚಗೆ ಬರೋದು ಅದಕ್ಕೇನಾ? ನಮ್ಮ ಜಿಲ್ಲೆ ಫಲಕದ ಅಂಚಿನಲ್ಲಿಲ್ಲ, ಹಾಗಿದ್ದೂ 2021ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಭೂಮಿ ಯಾಕೆ ನಡುಗಿತು?

ಅಳತೆಗೋಲು

ಮೇಷ್ಟ್ರೇ, ಆ ಅಂಗಳ ಹೇಳಿ ಮಾಡಿಸಿದಂತಿದೆ. 1 ಸೆಂ.ಮೀ.ಗೆ 10 ಕಿ.ಮೀ. ಅಂತ ಇಟ್ಟುಕೊಳ್ಳಿ. ಭೂಮಿಯ ತ್ರಿಜ್ಯ 6,371 ಕಿ.ಮೀ., ಅಂದರೆ 6 ಮೀಟರ್ 37 ಸೆಂ.ಮೀ. ಪೂರ್ತಿ ವೃತ್ತ ಹಿಡಿಸಲ್ಲ. ಕಲ್ಲಂಗಡಿ ಹೋಳಿನ ಹಾಗೆ 30 ಡಿಗ್ರಿಯ ಒಂದು ತುಂಡು ಬರೆಯಿರಿ.

ಕೋನಮಾಪಕ ಬೇಕಿಲ್ಲ. ಅಂಗಳದ ಒಂದು ತುದಿಯಲ್ಲಿ ಭೂಕೇಂದ್ರದ ಗುರುತು ಹಾಕಿ. ಅಲ್ಲಿಂದ 6.37 ಮೀ. ನೇರ ಗೆರೆ ಎಳೆಯಿರಿ. ಆ ಗೆರೆಯ ತುದಿಯಿಂದ 3.30 ಮೀ., ಕೇಂದ್ರದಿಂದ 6.37 ಮೀ., ಎರಡೂ ಅಳತೆ ಸೇರುವ ಜಾಗ ಹಿಡಿದರೆ 30 ಡಿಗ್ರಿ ತಾನಾಗೇ ಬರುತ್ತೆ. ಕಮಾನು ಎಳೆಯಲು ನೈಲಾನ್ ದಾರ ಬಳಸಬೇಡಿ. ಆರು ಮೀಟರ್ ದಾರವನ್ನು ಒಬ್ಬ ಹುಡುಗ ಬಿಗಿಯಾಗಿ, ಇನ್ನೊಬ್ಬ ಸಡಿಲವಾಗಿ ಹಿಡಿದರೆ ನಾಲ್ಕೈದು ಸೆಂ.ಮೀ. ವ್ಯತ್ಯಾಸ ಬರುತ್ತೆ. ಅಷ್ಟರಲ್ಲಿ ನಿಮ್ಮ ಇಡೀ ಭೂಕವಚವೇ ಮಾಯ. ತೆಳು ಜಿಐ ತಂತಿ, ಇಲ್ಲವೇ ಉದ್ದದ ಟೇಪ್ ಇರಲಿ.

ಮೇಲ್ಮೈಯಿಂದ ಒಳಕ್ಕೆ ಅಳೆಯುತ್ತಾ ಬನ್ನಿ. ನಮ್ಮ ಕಡೆ ಭೂಕವಚ ಸುಮಾರು 35 ಕಿ.ಮೀ., ಅಂದರೆ ಮೂರೂವರೆ ಸೆಂ.ಮೀ. 289 ಸೆಂ.ಮೀ. ಆಳಕ್ಕೆ ಮ್ಯಾಂಟಲ್ ಮುಗಿಯುತ್ತೆ. ಆಮೇಲೆ 226 ಸೆಂ.ಮೀ. ದಪ್ಪದ ಹೊರ ಕೇಂದ್ರಗೋಳ. ಉಳಿದ 122 ಸೆಂ.ಮೀ. ಒಳ ಕೇಂದ್ರಗೋಳ. ಗೆರೆ ಎಳೆಯಲು ಸುಣ್ಣದ ಪುಡಿ ಬೇಡವೇ ಬೇಡ. ಸುಣ್ಣದ ಗೆರೆಯ ದಪ್ಪವೇ ಎರಡು ಸೆಂ.ಮೀ., ಅಂದರೆ 20 ಕಿ.ಮೀ.! ಬಳಪದ ಮೊನೆಯಲ್ಲಿ ಗೆರೆ ಎಳೆದು, ಒಳಗೆ ರಂಗೋಲಿ ಪುಡಿ ತುಂಬಿ. ತುಂಬಬೇಕಾದ ಜಾಗ: ಮ್ಯಾಂಟಲ್ 7.3 ಚದರ ಮೀಟರ್, ಹೊರ ಕೇಂದ್ರಗೋಳ 2.8, ಒಳ ಕೇಂದ್ರಗೋಳ 0.4. ಭೂಕವಚ 0.12 ಚ.ಮೀ. ಅಷ್ಟೇ, ಒಂದು ಹಿಡಿ ಪುಡಿ ಸಾಕು.

ಕಮಾನಿನ ಒಂದು ತುದಿ ಕನ್ಯಾಕುಮಾರಿ ಅಂದುಕೊಳ್ಳಿ. ಉತ್ತರಕ್ಕೆ ಒಂದು ಡಿಗ್ರಿ ಅಕ್ಷಾಂಶಕ್ಕೆ 11 ಸೆಂ.ಮೀ. ಲೆಕ್ಕದಲ್ಲಿ ಚಿಕ್ಕಬಳ್ಳಾಪುರ 60 ಸೆಂ.ಮೀ. ದೂರದಲ್ಲಿ ಬರುತ್ತೆ, ಹಿಮಾಲಯದ ಬುಡ ಸುಮಾರು 2 ಮೀಟರ್ 45 ಸೆಂ.ಮೀ.ಗೆ. ಅಲ್ಲಿಂದಾಚೆ ಭೂಕವಚವನ್ನು ದಪ್ಪ ಮಾಡುತ್ತಾ ಹೋಗಿ, ಟಿಬೆಟ್ ಕೆಳಗೆ ಅದು 7 ಸೆಂ.ಮೀ. ಆಗಬೇಕು. ಕನ್ಯಾಕುಮಾರಿಯಿಂದ ದಕ್ಷಿಣಕ್ಕೆ ಜಾಗ ಉಳಿದರೆ ಸಾಗರದ ತಳ ತೋರಿಸಿ, ಅಲ್ಲಿ ಕವಚ ಬರೀ 7 ಮಿ.ಮೀ. ಭಾರತ ಫಲಕ ಅಂದರೆ ಭಾರತದ ನೆಲ ಮಾತ್ರ ಅಲ್ಲ, ಆ ಸಾಗರತಳವೂ ಅದರದೇ ಭಾಗ ಅನ್ನೋದನ್ನು ಇಲ್ಲೇ ಹೇಳಿಬಿಡಬಹುದು.

ಇಷ್ಟಾದ ಮೇಲೆ ಮಕ್ಕಳ ಕೈಗೆ ಒಂದು ಗುಂಡುಸೂಜಿ ಕೊಟ್ಟು ಬೋರ್‌ವೆಲ್ ಕೊರೆಯಲು ಹೇಳಿ. 1,500 ಅಡಿ ಅಂದರೆ 457 ಮೀಟರ್, ಮಾದರಿಯಲ್ಲಿ ಅರ್ಧ ಮಿಲಿಮೀಟರ್ ಕೂಡ ಇಲ್ಲ. ನಂದಿ ಬೆಟ್ಟ 1.5 ಮಿ.ಮೀ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3.2 ಮಿ.ಮೀ. ಮನುಷ್ಯ ಕೊರೆದ ಅತಿ ಆಳದ ತೂತು, ರಷ್ಯಾದ ಕೋಲಾದಲ್ಲಿ 12,262 ಮೀಟರ್, ಇಲ್ಲಿ 12 ಮಿ.ಮೀ. ಭೂಕವಚವನ್ನೇ ದಾಟಲಿಲ್ಲ.

ಒಂದು ಎಚ್ಚರಿಕೆ. ಚಪ್ಪಟೆ ಚಿತ್ರದಲ್ಲಿ ಕೇಂದ್ರಗೋಳ ಒಟ್ಟು ಜಾಗದ ಶೇ 30ರಷ್ಟು ಕಾಣುತ್ತೆ. ಗಾತ್ರದ ಲೆಕ್ಕದಲ್ಲಿ ಅದು ಶೇ 16 ಮಾತ್ರ, ಮ್ಯಾಂಟಲ್ ಶೇ 84. ತೀರ್ಪುಗಾರರು ಕೇಳಿದರೆ ಮಕ್ಕಳು ತಡವರಿಸದಿರಲಿ.

ಚಾಂಪಿಯನ್ ರೀಫ್

ಬಣ್ಣದ ವಿಷಯ ಬಿಟ್ಟುಹೋಯಿತು. ಮ್ಯಾಂಟಲ್‌ಗೆ ದಯವಿಟ್ಟು ಕೆಂಪು ಹಾಕಬೇಡಿ, ಹಸಿರು ಹಾಕಿ. ಅದರ ಮೇಲ್ಭಾಗ ಬಹುಪಾಲು ಪೆರಿಡೊಟೈಟ್ ಶಿಲೆ, ಅದರಲ್ಲಿ ಹೆಚ್ಚಿರೋದು ಆಲಿವೀನ್ ಅನ್ನೋ ಹಸಿರು ಖನಿಜ. ಕೆಂಪು ಹಾಕಿದ ತಕ್ಷಣ ನೋಡುವವರ ತಲೆಯಲ್ಲಿ ಲಾವಾ ಕೂತುಬಿಡುತ್ತೆ. ನಿಮ್ಮ ಮಕ್ಕಳ ಮೊದಲ ಪ್ರಶ್ನೆ ಹುಟ್ಟಿದ್ದೇ ಆ ಬಣ್ಣದಿಂದ.

ಮ್ಯಾಂಟಲ್ ಘನ. ಭೂಕಂಪದ ಎಸ್ ಅಲೆಗಳು, ಅಂದರೆ ಅಡ್ಡಡ್ಡ ಅಲುಗಾಡಿಸುವ ಅಲೆಗಳು, ದ್ರವದಲ್ಲಿ ಸಾಗಲ್ಲ. ಆದರೆ ಮ್ಯಾಂಟಲ್ ಒಳಗೆ ಸರಾಗವಾಗಿ ಹೋಗುತ್ತವೆ, ಹೊರ ಕೇಂದ್ರಗೋಳಕ್ಕೆ ಬಂದು ನಿಂತುಬಿಡುತ್ತವೆ. ಒಳಗೆ ನಿಜವಾಗಿ ದ್ರವ ಪದರ ಅಂತ ಇರೋದು ಅದೊಂದೇ, ಕರಗಿದ ಕಬ್ಬಿಣ ಮತ್ತು ನಿಕ್ಕಲ್. ಅದರೊಳಗೆ ಇನ್ನೊಂದು ಗೋಳ ಇದೆ ಅಂತ 1936ರಲ್ಲಿ ತೋರಿಸಿದವರು ಡೆನ್ಮಾರ್ಕಿನ ಇಂಗೆ ಲೆಹ್ಮನ್, ಅದು ಘನ ಅಂತ ಆಮೇಲೆ ಗೊತ್ತಾಯಿತು. ಅಲ್ಲಿ ಬಿಸಿ 5,000 ಡಿಗ್ರಿ ದಾಟಿದ್ದರೂ ಒತ್ತಡ ನಮ್ಮ ವಾಯುಮಂಡಲದ ಸುಮಾರು 36 ಲಕ್ಷ ಪಟ್ಟು, ಹಾಗಾಗಿ ಕರಗಲ್ಲ.

ಘನ ಆದರೂ ಹರಿಯುತ್ತೆ ಅನ್ನೋದನ್ನು ತೋರಿಸಲು ಒಂದು ಮೇಣದಬತ್ತಿ ಸಾಕು. ತೆಳ್ಳನೆಯದು ತಗೊಳ್ಳಿ. ಒಂದು ತುದಿಯನ್ನು ಎರಡು ಇಟ್ಟಿಗೆ ನಡುವೆ ಸಿಕ್ಕಿಸಿ, ಉಳಿದ 10 ಸೆಂ.ಮೀ. ಗಾಳಿಯಲ್ಲಿ ಅಡ್ಡಲಾಗಿ ಚಾಚಿರಲಿ. ತುದಿಗೆ ದಾರದಲ್ಲಿ ಒಂದು ಸಣ್ಣ ನಟ್ಟು ಕಟ್ಟಿ. ಬೇಸಿಗೆಯ ತರಗತಿ ಕೋಣೆಯಲ್ಲಿ ಒಂದೆರಡು ದಿನದಲ್ಲೇ ತುದಿ ಜೋಲುತ್ತೆ, ಡಿಸೆಂಬರ್ ಚಳಿಗೆ ಇನ್ನೂ ಹೆಚ್ಚು ದಿನ ಬೇಕು. ಅದೇ ಪ್ಯಾಕೆಟ್‌ನ ಇನ್ನೊಂದು ಬತ್ತಿಯನ್ನು ಕೈಯಲ್ಲಿ ಪಟ್ ಅಂತ ಬಗ್ಗಿಸಿ, ಮುರಿಯುತ್ತೆ. ಒಂದೇ ವಸ್ತು, ಒಂದೇ ಬಿಸಿ. ಬದಲಾದದ್ದು ಎಷ್ಟು ಬೇಗ ಬಗ್ಗಿಸಿದೆವು ಅನ್ನೋದು ಮಾತ್ರ. ಬಿಸಿಲಿಗೆ ಇಟ್ಟರೆ ಮೇಣ ಕರಗಿ ಪಾಠವೇ ಕೆಡುತ್ತೆ, ನೆರಳಲ್ಲೇ ಇರಲಿ. ಕಾರ್ನ್‌ಫ್ಲೋರ್ ನೀರಿನ ಪ್ರಯೋಗ ಬಹಳ ಜನ ಮಾಡಿಸ್ತಾರೆ, ನೋಡಲು ಮಜಾ. ಆದರೆ ಅದು ದ್ರವ. ಮೇಣದ್ದು ಘನವಸ್ತುವಿನ ಹರಿವೇ, ಮ್ಯಾಂಟಲ್‌ಗೆ ಹೆಚ್ಚು ಹತ್ತಿರ.

ಬೋರ್‌ವೆಲ್ ನೀರಿಗೂ ಲಾವಾಕ್ಕೂ ಸಂಬಂಧ ಇಲ್ಲ. ಕೋಲಾರದ ಗಣಿಯಲ್ಲಿ ಮೂರು ಕಿ.ಮೀ. ಆಳಕ್ಕೆ ಬಂಡೆಯ ಬಿಸಿ 65 ಡಿಗ್ರಿ ಆಸುಪಾಸು ಇತ್ತು. ಮೇಲೆ 26 ಅಂತ ಹಿಡಿದರೆ ಕಿ.ಮೀ.ಗೆ ಹೆಚ್ಚುಕಡಿಮೆ 12, 13 ಡಿಗ್ರಿ ಏರಿಕೆ. ಪ್ರಪಂಚದ ಬೇರೆ ಕಡೆ ಸಾಮಾನ್ಯವಾಗಿ 25ರಿಂದ 30 ಇರುತ್ತೆ. ನಮ್ಮದು ಬಹಳ ಹಳೆಯ, ತಣ್ಣಗಾದ ನೆಲ. ಆ ಲೆಕ್ಕಕ್ಕೆ 1,500 ಅಡಿಯಲ್ಲಿ ಆರು ಡಿಗ್ರಿ ಹೆಚ್ಚು, 32ರ ಹತ್ತಿರ. ಮುಂಜಾನೆ ಚಳಿಯಲ್ಲಿ ಕೈ ಒಡ್ಡಿದರೆ ಬಿಸಿನೀರೇ ಅನ್ನಿಸುತ್ತೆ. ಮೋಟರ್‌ನ ಬಿಸಿ ಬೇರೆ ಸೇರಿರುತ್ತೆ.

ಇದೇ ದರದಲ್ಲಿ ಕೇಂದ್ರದವರೆಗೆ ಗುಣಿಸಲು ಮಾತ್ರ ಬಿಡಬೇಡಿ, 80,000 ಡಿಗ್ರಿ ಬರುತ್ತೆ. ಗಟ್ಟಿ ಶಿಲಾಗೋಳದಲ್ಲಿ (ಭೂಕವಚ ಮತ್ತು ಅದಕ್ಕೆ ಅಂಟಿದ ಮ್ಯಾಂಟಲ್‌ನ ಗಟ್ಟಿ ಮೇಲ್ಭಾಗ) ಬಿಸಿ ಕಲ್ಲಿನಿಂದ ಕಲ್ಲಿಗೆ ದಾಟಬೇಕು, ಅದಕ್ಕೇ ಅಲ್ಲಿ ಏರಿಕೆ ಕಡಿದು. ಅದರ ತಳದಲ್ಲಿ ಸುಮಾರು 1,300 ಡಿಗ್ರಿ. ಅಲ್ಲಿಂದ ಕೆಳಗೆ ಮ್ಯಾಂಟಲ್ ತಾನೇ ನಿಧಾನವಾಗಿ ಮಗುಚಿಕೊಳ್ಳುವುದರಿಂದ ಏರಿಕೆ ಕಿ.ಮೀ.ಗೆ ಅರ್ಧ ಡಿಗ್ರಿಗಿಂತಲೂ ಕಡಿಮೆ.

ಗುಡಿಬಂಡೆ ಮೇಷ್ಟ್ರು

ಬಹಳ ಉಪಕಾರ ಆಯಿತು. ಹಸಿರು ಪುಡಿ ಹೇಳಿದ್ದೇನೆ. ಫಲಕ ಚಲಿಸುವುದನ್ನು ತೋರಿಸಲು ಹಾಲಿನ ಕೆನೆ ಉದಾಹರಣೆ ಕೊಡಬಹುದಾ? ಕುದಿಯುವ ಹಾಲಿನ ಮೇಲೆ ಕೆನೆ ಅತ್ತಿತ್ತ ಸರಿಯೋದು?

ಕರಿಕಲ್ಲು, ತುಮಕೂರು

ಕೆನೆ ಬೇಡ ಸಾರ್. ಕೆನೆಯನ್ನು ಕೆಳಗಿನ ಹಾಲು ತಳ್ಳುತ್ತೆ, ಕೆನೆ ಸುಮ್ಮನೆ ಸವಾರಿ ಮಾಡುತ್ತೆ. ಫಲಕಗಳು ಹಾಗಲ್ಲ. ಸಾಗರದ ಫಲಕ ಹಳತಾಗಿ, ತಣ್ಣಗಾಗಿ, ಭಾರವಾಗಿ ಒಂದು ಅಂಚಿನಲ್ಲಿ ಮ್ಯಾಂಟಲ್ ಒಳಗೆ ಇಳಿಯುತ್ತೆ, ಇಳಿಯುವಾಗ ಹಿಂದಿನ ಭಾಗವನ್ನೂ ಎಳೆದುಕೊಳ್ಳುತ್ತೆ. ಮುಖ್ಯವಾದ ಬಲ ಈ ಎಳೆತವೇ. ಒಗೆದ ಸೀರೆಯನ್ನು ತಂತಿಗೆ ಹಾಕುವಾಗ ಒಂದು ಕಡೆ ಉದ್ದ ಬಿಟ್ಟರೆ, ನೀರಿಳಿದು ಆ ಕಡೆ ಭಾರವಾಗಿ ಇಡೀ ಸೀರೆ ಜಾರಿ ಬೀಳುತ್ತಲ್ಲ, ಅದು ಸರಿಯಾದ ಹೋಲಿಕೆ.

ಯಾವ ಫಲಕ ಇಳಿಯುತ್ತೆ, ಯಾವುದು ಇಳಿಯಲ್ಲ ಅನ್ನೋದನ್ನು ಎರಡು ಕಲ್ಲಿನಲ್ಲೇ ತೋರಿಸಬಹುದು. ಒಂದು ಮಧುಗಿರಿ ಪಾವಗಡ ಕಡೆಯ ಗ್ರಾನೈಟ್ ತುಂಡು. ರಾಮನಗರದ ಹಳೇ ಹೆಸರಿನಿಂದ ಕ್ಲೋಸ್‌ಪೇಟ್ ಗ್ರಾನೈಟ್ ಅಂತಾರೆ, ವಯಸ್ಸು ಸುಮಾರು 250 ಕೋಟಿ ವರ್ಷ. ಕೈಯಲ್ಲಿ ಹಿಡಿದು ನೋಡಿದರೆ ಹೆಬ್ಬೆರಳ ಉಗುರಿನಷ್ಟಗಲದ ಗುಲಾಬಿ ಫೆಲ್ಡ್‌ಸ್ಪಾರ್, ನಡುವೆ ಗಾಜಿನಂಥ ಬೂದು ಕ್ವಾರ್ಟ್ಸ್, ಕರಿ ಅಭ್ರಕದ ಚುಕ್ಕಿ. ಹರಳು ಅಷ್ಟು ದೊಡ್ಡದಾಗಿ ಬೆಳೆಯಬೇಕಾದರೆ ಶಿಲಾಪಾಕ (ಕರಗಿದ ಕಲ್ಲು) ನೆಲದ ಆಳದಲ್ಲಿ ನಿಧಾನವಾಗಿ ತಣ್ಣಗಾಗಿರಬೇಕು. ಮೇಲಿದ್ದ ಹಲವು ಕಿ.ಮೀ. ಬಂಡೆ ಸವೆದು ಹೋದ ಮೇಲೆ ನಮಗೆ ಬೆಟ್ಟವಾಗಿ ಕಂಡಿದೆ. ಇನ್ನೊಂದು, ಕಲ್ಲು ಪಾಲಿಶ್ ಮಾಡುವ ಕಡೆ ಬಿಸಾಡುವ ಕರಿಕಲ್ಲಿನ ಚೂರು. ವ್ಯಾಪಾರದಲ್ಲಿ ಬ್ಲ್ಯಾಕ್ ಗ್ರಾನೈಟ್ ಅಂದರೂ ಅದು ಡಾಲರೈಟ್, ಸಾಗರತಳದ ಬಸಾಲ್ಟ್‌ನ ಹತ್ತಿರದ ನೆಂಟ.

ಎರಡನ್ನೂ ಸ್ಪ್ರಿಂಗ್ ತಕ್ಕಡಿಗೆ ದಾರದಲ್ಲಿ ಕಟ್ಟಿ ಗಾಳಿಯಲ್ಲಿ ಒಮ್ಮೆ, ನೀರಲ್ಲಿ ಮುಳುಗಿಸಿ ಒಮ್ಮೆ ತೂಗಿ. ಗಾಳಿಯಲ್ಲಿ ತೂಗಿದ ತೂಕವನ್ನು, ನೀರಲ್ಲಿ ಎಷ್ಟು ಕಡಿಮೆಯಾಯಿತೋ ಅಷ್ಟರಿಂದ ಭಾಗಿಸಿದರೆ ಸಾಂದ್ರತೆ. ಒಂದು ಕೆಜಿ ಗ್ರಾನೈಟ್ ನೀರಲ್ಲಿ 623 ಗ್ರಾಂ ಆಸುಪಾಸು ತೂಗಿದರೆ 2.65 ಬರುತ್ತೆ. ಒಂದು ಕೆಜಿ ಕರಿಕಲ್ಲು 667 ತೂಗಿದರೆ 3.0. ಮೇಲಿನ ಮ್ಯಾಂಟಲ್ 3.3. ಉತ್ತರ ಕೆಟ್ಟರೆ ಮೂರು ಕಡೆ ನೋಡಿ: ಕಲ್ಲು ಬಕೆಟ್‌ಗೆ ತಾಗಿರುತ್ತೆ, ಮೈಗೆ ಗಾಳಿಗುಳ್ಳೆ ಅಂಟಿರುತ್ತೆ, ಇಲ್ಲಾ ಹೊಲದ ಬದುವಿನಿಂದ ತಂದ ಕೊಳೆತ ಕಲ್ಲಾಗಿರುತ್ತೆ. ಒಳಗೆ ಸಣ್ಣ ಬಿರುಕುಗಳಿರೋ ಕಲ್ಲು 2.5ಕ್ಕೂ ಕೆಳಗೆ ತೋರಿಸಿಬಿಡುತ್ತೆ. ಹೊಸದಾಗಿ ಒಡೆದ ಮುಖವೇ ಬೇಕು.

ಕರಿಕಲ್ಲು 3.0, ಮ್ಯಾಂಟಲ್ 3.3, ಹಾಗಾದರೆ ಹೇಗೆ ಮುಳುಗುತ್ತೆ ಅಂತ ಜಾಣ ಹುಡುಗಿ ಯಾರಾದರೂ ಕೇಳಿಯೇ ಕೇಳ್ತಾಳೆ. ಇಳಿಯೋದು ಬರೀ 7 ಕಿ.ಮೀ. ಕವಚ ಅಲ್ಲ, ಅದಕ್ಕೆ ಅಂಟಿದ ತಣ್ಣನೆಯ ಮ್ಯಾಂಟಲ್‌ನ ಗಟ್ಟಿ ಹಲಗೆ ಸಮೇತ. ತಣ್ಣಗಿರುವುದರಿಂದ ಅದು ಸುತ್ತಲಿನ ಬಿಸಿ ಮ್ಯಾಂಟಲ್‌ಗಿಂತ ಭಾರ. ಆಳಕ್ಕೆ ಹೋದಂತೆ ಒತ್ತಡಕ್ಕೆ ಕವಚದ ಕಲ್ಲೇ ಎಕ್ಲೊಗೈಟ್ ಅನ್ನೋ ಇನ್ನೂ ಭಾರದ ಕಲ್ಲಾಗುತ್ತೆ.

ಅಳತೆಗೋಲು

ವೇಗವನ್ನೂ ಸೇರಿಸಿ. ನಮ್ಮ ಫಲಕ ಈಶಾನ್ಯಕ್ಕೆ ವರ್ಷಕ್ಕೆ ಹೆಚ್ಚುಕಡಿಮೆ 5 ಸೆಂ.ಮೀ. ಸರಿಯುತ್ತಿದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿಪಿಎಸ್ ಕೇಂದ್ರದ ಅಳತೆಯೂ ಅದನ್ನೇ ಹೇಳುತ್ತೆ. 15 ವರ್ಷದ ಹುಡುಗ ಹುಟ್ಟಿದಾಗಿನಿಂದ 75 ಸೆಂ.ಮೀ., ಒಂದೂವರೆ ಮೊಳಕ್ಕೆ ಸ್ವಲ್ಪ ಜಾಸ್ತಿ. ನೆಲದ ಮೇಲೆ ಆ ಉದ್ದದ ಒಂದು ಪಟ್ಟಿ ಅಂಟಿಸಿಡಿ.

ಚಾಂಪಿಯನ್ ರೀಫ್

ನಡುಕದ ಪ್ರಶ್ನೆ ಉಳಿದಿದೆ. 2021ರ ಡಿಸೆಂಬರ್ 22ರ ಬೆಳಗ್ಗೆ ಏಳು ಗಂಟೆಯ ನಂತರ ಐದು ನಿಮಿಷದ ಅಂತರದಲ್ಲಿ 2.9 ಮತ್ತು 3.0 ತೀವ್ರತೆಯ ಎರಡು ಕಂಪನ ದಾಖಲಾದವು. ಫಲಕದ ಅಂಚು ದೂರ ಇದ್ದರೂ, ಉತ್ತರದಲ್ಲಿ ಹಿಮಾಲಯಕ್ಕೆ ಒತ್ತಿಕೊಂಡಿರುವುದರ ಬಿಗಿ ಇಡೀ ಫಲಕದ ಮೈಗೆ ಹರಡಿರುತ್ತೆ. ಬೆಸುಗೆ ಹಾಕಿದ ಹಳೇ ಬಿಂದಿಗೆಯನ್ನು ಬಾಯಿ ಹತ್ತಿರ ಅಮುಕಿದರೂ ಬಿಡೋದು ಬೆಸುಗೆಯೇ ತಾನೆ. ನಮ್ಮ ಬಂಡೆಯಲ್ಲೂ ಅಂಥ ಹಳೇ ಬಿರುಕುಗಳು ಬೇಕಾದಷ್ಟಿವೆ.

ಆ ವರ್ಷ ನವೆಂಬರ್‌ನಲ್ಲಿ ಸುರಿದ ಜಡಿಮಳೆಯನ್ನು ಭೂವಿಜ್ಞಾನಿಗಳು ಕಾರಣವಾಗಿ ಮುಂದಿಟ್ಟಿದ್ದರು. ಬಹಳ ಜನ ಇದನ್ನು ತಪ್ಪಾಗಿ ಹೇಳ್ತಾರೆ. ನೀರು ಎಣ್ಣೆಯ ಹಾಗೆ ಜಾರಿಸೋದಲ್ಲ. ಬಿರುಕಿನೊಳಗೆ ನೀರಿನ ಒತ್ತಡ ಏರಿ, ಎರಡು ಮುಖಗಳನ್ನು ಅದುಮಿ ಹಿಡಿದ ಬಲವನ್ನು ಅಷ್ಟರಮಟ್ಟಿಗೆ ಕಳೆಯುತ್ತೆ. ಅಂತರ್ಜಲ 10 ಮೀಟರ್ ಏರಿದರೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚಿದಂತೆ. ಬಂಡೆಯ ತೂಕದ ಮುಂದೆ ಅದು ಪುಡಿಗಾಸು, ಆದರೆ ಜಾರಲು ಕೂದಲೆಳೆಯಷ್ಟೇ ಬಾಕಿ ಇರುವ ಬಿರುಕಿಗೆ ಸಾಕು.

ತೀವ್ರತೆ 3ಕ್ಕೂ 6ಕ್ಕೂ ಶಕ್ತಿಯಲ್ಲಿ ಸುಮಾರು 32,000 ಪಟ್ಟು ವ್ಯತ್ಯಾಸ ಇದೆ, ಒಂದೊಂದು ಅಂಕಕ್ಕೂ 32 ಪಟ್ಟು. ಹಾಗಂತ ಫಲಕದ ಒಳಭಾಗ ಅಂದರೆ ಪೂರ್ತಿ ಭದ್ರ ಅಂತಲೂ ಮಕ್ಕಳಿಗೆ ಹೇಳಬೇಡಿ. 1993ರ ಸೆಪ್ಟೆಂಬರ್ 30ರಂದು ಲಾತೂರ್ ಕಡೆ ಆದದ್ದು 6.2, ಅದೂ ಫಲಕದ ಒಳಗೇ.

ಮತ್ತೆ ನಡುಗಿದರೆ ಮಕ್ಕಳು ಮಾಡಬಹುದಾದ ಕೆಲಸ: ಮೊದಲ ಸದ್ದು ಅಥವಾ ಅದುರಿಗೂ, ಜೋರು ಕುಲುಕಿಗೂ ನಡುವಿನ ಸೆಕೆಂಡು ಎಣಿಸಿ 8ರಿಂದ ಗುಣಿಸೋದು. ಎರಡು ಸೆಕೆಂಡಾದರೆ ನಡುಕದ ಮೂಲ ಸುಮಾರು 16 ಕಿ.ಮೀ. ದೂರ. ಎರಡು ಬಡಿತ ಬೇರೆಬೇರೆಯಾಗಿ ಗೊತ್ತಾಗದಿದ್ದರೆ ಮೂಲ ತೀರಾ ಹತ್ತಿರ ಅಂತ, ಆಗ ಲೆಕ್ಕ ಹಾಕಬೇಡಿ. ಕ್ವಾರಿ ಸಿಡಿತವನ್ನೂ ಭೂಕಂಪ ಅಂದುಕೊಳ್ಳೋದುಂಟು. ಸಿಡಿತ ದಿನಾ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಆಗುತ್ತೆ, ನಡುರಾತ್ರಿ ಆಗಲ್ಲ. ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರದ (ಎನ್‌ಸಿಎಸ್) ಭೂಕಂಪ್ ಆ್ಯಪ್‌ನಲ್ಲಿ ಹೊತ್ತು ತಾಳೆ ನೋಡಿ.

ಕರಿಕಲ್ಲು, ತುಮಕೂರು

ಮ್ಯಾಂಟಲ್ ಹಸಿರು ಅಂತ ನಿಮಗೆ ಹೇಗೆ ಗೊತ್ತು, ಅಲ್ಲಿವರೆಗೆ ಯಾರೂ ಕೊರೆದೇ ಇಲ್ಲವಲ್ಲ ಅಂತ ತೀರ್ಪುಗಾರರು ಕೇಳಿದರೆ ಉತ್ತರ ಪಕ್ಕದಲ್ಲೇ ಇದೆ. ಅನಂತಪುರ ಜಿಲ್ಲೆಯ ವಜ್ರಕರೂರಿನ ಕಿಂಬರ್ಲೈಟ್ ಅನ್ನೋ ಶಿಲೆಯ ಕೊಳವೆಗಳು ಸುಮಾರು 110 ಕೋಟಿ ವರ್ಷ ಹಿಂದೆ ಆಳದಿಂದ ನುಗ್ಗಿ ಬರುವಾಗ ವಜ್ರದ ಜೊತೆ ಮ್ಯಾಂಟಲ್ ಶಿಲೆಯ ತುಣುಕುಗಳನ್ನೂ ಮೇಲಕ್ಕೆ ತಂದಿವೆ. ನಿಮ್ಮ ಮಾದರಿಯಲ್ಲಿ ಮೇಲಿನಿಂದ 15ರಿಂದ 20 ಸೆಂ.ಮೀ. ಒಳಗೆ ಒಂದು ಚುಕ್ಕಿ ಇಟ್ಟು, ಅಲ್ಲಿಂದ ಮೇಲಕ್ಕೆ ಒಂದು ತೆಳು ಗೆರೆ ಎಳೆದುಬಿಡಿ.